ಕೇಳದೆ ಹಾಕಿದ ಡ್ಯೂಟಿ

ನಮ್ಮ ಇನ್‌ಚಾರ್ಜ್ ಸಿಸ್ಟರ್ ಅವರ ಬೆರಳುಗಳು ಸ್ಯಾನಿಟೈಸರ್ ಸವರಿ ಸವರಿ ಬಿಳಿಚಿ, ಗೆಣ್ಣುಗಳಲ್ಲಿ ಒಡೆದು ರಕ್ತ ಜಿನುಗುತ್ತಿತ್ತು. ಊಟದ ಬಿಡುವಿನಲ್ಲಿ ಅವಕ್ಕೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ಎಣ್ಣೆಗೈಯಲ್ಲಿ ಉಣ್ಣಲಾಗದೆ ಚಮಚದಿಂದ ಮುದ್ದೆ ಮುರಿಯುತ್ತಿದ್ದರು. ಮುದ್ದೆಗೆ ಚಮಚ ಹಾಕುವವರನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಯಲಹಂಕದ ಕಡೆಯ ಹಳೇ ಹಳ್ಳಿಯವರು. ಅಣ್ಣತಮ್ಮಂದಿರು ಹೊಲವಿದ್ದಲ್ಲಿ ಬಾಡಿಗೆ ಮನೆ ಕಟ್ಟಿಸಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದರೆ, ಇವರು ಸಂಜಯನಗರದ ನಮ್ಮ ಚಿಕ್ಕ ಆಸ್ಪತ್ರೆಯಲ್ಲಿ ದುಡಿಯುತ್ತಿದ್ದರು. ಬೈಗುಳಕ್ಕೆ ಬರವಿರಲಿಲ್ಲ. "ನೆಟ್ಟಗೈತೆ, ನಡಿ" ಎಂದರೆ ಅದೇ ದೊಡ್ಡ ಹೊಗಳಿಕೆ.

ಕೋವಿಡ್‌ನ ಎರಡನೇ ಅಲೆಯಲ್ಲಿ ನನ್ನ ಗಂಡ ಇದೇ ಆಸ್ಪತ್ರೆಯ ಏಳನೇ ಬೆಡ್ಡಿನಲ್ಲಿ ತೀರಿಕೊಂಡರು. ಆಗ ನಾನು ಮೇಲಿನ ಮಹಡಿಯಲ್ಲಿ ಬೇರೆ ಯಾರದೋ ಆಕ್ಸಿಜನ್ ನೋಡುತ್ತಿದ್ದೆ. ಆಮೇಲೂ ಎಂಟು ತಿಂಗಳು ಗೊಂಬೆಯಂತೆ ಕೆಲಸ ಮಾಡಿದೆ. ಒಂದು ಬೆಳಿಗ್ಗೆ ಯೂನಿಫಾರ್ಮ್ ಇಸ್ತ್ರಿ ಮಾಡುತ್ತಿದ್ದವಳು ಪ್ಲಗ್ ಕಿತ್ತು ಅಲ್ಲೇ ಕುಳಿತುಬಿಟ್ಟೆ. ಒಂದೂವರೆ ವರ್ಷ ಆಸ್ಪತ್ರೆಯ ಕಡೆ ತಲೆಹಾಕಲಿಲ್ಲ.

ಒಂದು ಭಾನುವಾರ ಸಿಸ್ಟರ್ ಸಹಕಾರನಗರದ ನಮ್ಮ ಬಾಡಿಗೆ ಮನೆಗೆ ಬಂದರು. ಸಮಾಧಾನದ ಮಾತು ಒಂದೂ ಇಲ್ಲ.

"ನಾಳೆಯಿಂದ ನಿಂಗೆ ಬೆಳಗಿನ ಡ್ಯೂಟಿ ಆಕಿವ್ನಿ ಕಣಮ್ಮ. ಮೇಲಿನವ್ರತ್ರ ಮಾತಾಡಿವ್ನಿ."

"ನನ್ನ ಕೇಳ್ದೇನೇ?"

"ಕೇಳಿದ್ರೆ ಆಗಲ್ಲ ಅಂತೀಯ. ಅದ್ಕೇ ಕೇಳ್ಲಿಲ್ಲ."

ಮೈಯೆಲ್ಲ ಉರಿಯಿತು. ನಾನು ಹೋಗಲಿಲ್ಲ. ಗುರುವಾರ ವಾರ್ಡಿನ ಆಯಾ ಫೋನ್ ಮಾಡಿದಳು. "ಅಕ್ಕಾ, ನಿಮ್ ಡ್ಯೂಟೀನೂ ಸಿಸ್ಟರೇ ಮಾಡ್ತಾವ್ರೆ. ಬೆಳಗ್ಗೆ ನಿಮ್ದು, ಮಧ್ಯಾಹ್ನ ಅವ್ರದ್ದು. ಪಟ್ಟಿಯಿಂದ ನಿಮ್ ಹೆಸ್ರು ಮಾತ್ರ ಹೊಡೆದಾಕಕ್ಕೆ ಬಿಡ್ತಿಲ್ಲ." ಶುಕ್ರವಾರ ಹೋದೆ. ಧೈರ್ಯ ಬಂದು ಹೋದದ್ದಲ್ಲ, ನಾಚಿಕೆಯಾಗಿ ಹೋದದ್ದು.

ಪಾಳಿ ಮುಗಿಯುವಾಗ ಪ್ರತಿ ರೋಗಿಯ ಹೆಸರು, ಸ್ಥಿತಿ ಹೇಳಿ ಮುಂದಿನವರಿಗೆ ಒಪ್ಪಿಸಬೇಕು. ಸಿಸ್ಟರ್ ಅದನ್ನು ಮೇಜಿನ ಬಳಿ ಕೂತು ಒಪ್ಪಿಸಲು ಬಿಡುತ್ತಿರಲಿಲ್ಲ. ಹಾಸಿಗೆಯಿಂದ ಹಾಸಿಗೆಗೆ ನಡೆಯಬೇಕು. ಆ ಶುಕ್ರವಾರ ಏಳನೇ ಬೆಡ್ಡಿನ ಮುಂದೆ, ಹರ್ನಿಯಾ ಆಪರೇಷನ್ ಆದ ತಾತನನ್ನು ನೋಡುತ್ತಲೇ, ನನ್ನ ಗಂಡನ ಹೆಸರು, ವಯಸ್ಸು, ಆಕ್ಸಿಜನ್ ಎಷ್ಟೆಂದು ಹೇಳಿಬಿಟ್ಟೆ. ಜೊತೆಯವರು ನೆಲ ನೋಡಿದರು. ತಾತ ಪಾಪ, "ನಂದಲ್ಲಮ್ಮ ಆ ಹೆಸ್ರು" ಎಂದರು. ನಾನು ಫೈಲನ್ನು ಸಿಸ್ಟರ್ ಕಡೆ ಚಾಚಿದೆ. ಅವರು ತೆಗೆದುಕೊಳ್ಳಲಿಲ್ಲ.

"ಇನ್ನೊಂದ್ಸಲ ಯೋಳು. ತಾತನ ಮುಖ ನೋಡಿ ಯೋಳು."

ಹೇಳಿದೆ. ಉಳಿದ ಐದು ಬೆಡ್ಡುಗಳನ್ನೂ ಹೇಳಿ ಮುಗಿಸಿದೆ.

ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಕೇಳಿದೆ. "ಇದು ಕಮ್ಮಿ ಆಗತ್ತಾ ಸಿಸ್ಟರ್?" ಅವರು ಹತ್ತು ವರ್ಷದ ಮಗಳನ್ನು ಕಳೆದುಕೊಂಡಿದ್ದರು. ಎಲ್ಲರಿಗೂ ಗೊತ್ತಿದ್ದ, ಯಾರೂ ಎತ್ತದ ವಿಷಯ ಅದು.

"ಇಲ್ಲ ಕಣಮ್ಮ. ಕಮ್ಮಿ ಆಯ್ತದೆ ಅಂತ ಸುಳ್ಳು ಯೋಳಿ ನಿನ್ನ ಕರ್ಕೊಂಡ್ ಬಂದಿಲ್ಲ ನಾನು. ಡ್ಯೂಟಿಗ್ ಬಂದ್ರೆ ದಿನಕ್ಕೆ ಎಂಟು ಗಂಟೆ ಕಳೀತದೆ. ಅಷ್ಟೇಯ."

ಅಷ್ಟೇ ಆಯಿತು. ಕೆಲಸದ ಮೇಲಿನ ಪ್ರೀತಿ ಮರಳಿ ಬರಲಿಲ್ಲ, ಬರುತ್ತದೆಂಬ ಆಸೆಯೂ ಈಗಿಲ್ಲ. ಆದರೂ ಆ ಎಂಟು ಗಂಟೆ ಇಲ್ಲದಿದ್ದರೆ ನಾನು ಉಳಿಯುತ್ತಿರಲಿಲ್ಲ.

ನಿವೃತ್ತಿಯಾದ ಮರುವರ್ಷವೇ ಸಿಸ್ಟರ್ ನಿದ್ದೆಯಲ್ಲಿ ಹೋದರು. ಸುದ್ದಿ ಬಂದಾಗ ನಾನು ವಾರ್ಡಿನಲ್ಲಿದ್ದೆ. ಮಧ್ಯಾಹ್ನವೇ ಮಣ್ಣು ಮಾಡುತ್ತಾರಂತೆ. ಹೊಸ ಇನ್‌ಚಾರ್ಜ್ ತಾನಾಗಿಯೇ, "ನೀವ್ ಹೋಗ್ಬನ್ನಿ, ನಾನ್ ನೋಡ್ಕೋತೀನಿ" ಎಂದಳು. ಬೇಡ ಎಂದೆ. ಕಲ್ಲು ಮನಸ್ಸಿನವಳು ಎಂದುಕೊಂಡಿರಬೇಕು, ಅಂದುಕೊಳ್ಳಲಿ. ಪಾಳಿಯ ನಡುವೆ ಅಳುತ್ತಾ ಒಮ್ಮೆ ಆ ಗೇಟು ದಾಟಿದರೆ ನಾನು ಮತ್ತೆ ಬರುವವಳಲ್ಲ. ಮನೆಗೆ ಬಂದು ಎಳೆದುಕೊಂಡು ಹೋಗಲು ಈ ಸಲ ಅವರಿಲ್ಲ.