ಕ್ಷಮಿಸಿದ ಮೇಲೆ ಮತ್ತೆ ಕೇಳದ ಹಂಚಿನಮನಿ ಅಯ್ಯನವರು

ಹೊರನಾಡಿನ ಕನ್ನಡ ಕ್ರೈಸ್ತ ಸಭೆಗಳಿಗೆ ಒಳ್ಳೆಯ ಪ್ರಸಂಗಿಗಳ ಕೊರತೆ ಎಂದೂ ಇರಲಿಲ್ಲ. ಪಾಪದ ವಿಷಯವಾಗಿ ಗಂಟೆಗಟ್ಟಲೆ ಮಾತಾಡಿ ಕೇಳುಗರ ಬೆವರಿಳಿಸುವವರನ್ನು ನಾನೇ ಸಾಕಷ್ಟು ಕಂಡಿದ್ದೇನೆ. ಆದರೆ ಕ್ಷಮೆ ಸಿಕ್ಕಿತೆಂದ ಮೇಲೆ ಅದು ಸಿಕ್ಕೇ ಸಿಕ್ಕಿತೆಂದು ನಂಬಿಸಿ ಮನುಷ್ಯರನ್ನು ಮನೆಗೆ ಕಳುಹಿಸಬಲ್ಲ ಸಭಾಪಾಲಕರು ಅಪರೂಪ. ಕೊಲ್ಕತ್ತಾದ ನಮ್ಮ ಪುಟ್ಟ ಸಭೆಯ ಸೇವೆಯಿಂದ ಈ ತಿಂಗಳು ನಿವೃತ್ತರಾಗುತ್ತಿರುವ ಪೂಜ್ಯ ಅರುಣ ಹಂಚಿನಮನಿ ಅಯ್ಯನವರು ಅಂಥವರು. ಸಭಾ ಮಂಡಳಿಯಲ್ಲಿ ಅವರೊಡನೆ ದುಡಿದವಳೂ, ಅವರೊಡನೆ ಎಲ್ಲರಿಗಿಂತ ಹೆಚ್ಚು ಜಗಳವಾಡಿದವಳೂ ನಾನೇ ಆದ್ದರಿಂದ ಈ ಬೀಳ್ಕೊಡುಗೆ ಸಂಪುಟಕ್ಕೆ ಬರೆಯಲು ನನಗೆ ಹೇಳಿದ್ದಾರೆಂದು ಕಾಣುತ್ತದೆ.

ಅಯ್ಯನವರು ಧಾರವಾಡದಿಂದ ಬಂದಾಗ ನಮಗೆ ಸ್ವಂತ ದೇವಾಲಯವಿರಲಿಲ್ಲ, ಈಗಲೂ ಇಲ್ಲ. ಸದರ್ನ್ ಅವೆನ್ಯೂ ಪಕ್ಕದ ಗಲ್ಲಿಯಲ್ಲಿ ಬಂಗಾಳಿ ಸಭೆಯವರು ತಮ್ಮ ಆರಾಧನೆ ಮುಗಿದ ಮೇಲೆ ಹಾಲನ್ನು ಸಂಜೆಯ ಹೊತ್ತು ನಮಗೆ ಬಿಟ್ಟುಕೊಡುತ್ತಾರೆ. ಅಲ್ಲಿ ಪ್ರಭುಭೋಜನಕ್ಕೆ ಅಯ್ಯನವರು ಒಂದು ಹೊಸ ರೂಢಿ ತಂದರು. ಎಲ್ಲರೂ ಮೇಜಿನ ಸುತ್ತ ವೃತ್ತವಾಗಿ ನಿಲ್ಲಬೇಕು. ದ್ರಾಕ್ಷಾರಸದ ಬಟ್ಟಲನ್ನು ಸಭಾಪಾಲಕರ ಕೈಯಿಂದಲ್ಲ, ಪಕ್ಕದವರ ಕೈಯಿಂದ ತೆಗೆದುಕೊಳ್ಳಬೇಕು. ಕೊಡುವವರು ‘ನಿಮಗೂ ಕ್ಷಮೆಯಿದೆ’ ಎನ್ನಬೇಕು. ಎಂಜಲು, ಸೋಂಕು ಎಂದು ನಾನು ತಕರಾರು ತೆಗೆದೆ. ಅಯ್ಯನವರು ಬಟ್ಟಲಿನ ಅಂಚು ಒರೆಸಲು ಒಂದು ಬಿಳಿ ಬಟ್ಟೆ ಸೇರಿಸಿದರೇ ಹೊರತು ರೂಢಿಯನ್ನು ಬಿಡಲಿಲ್ಲ.

ಕಾಯಿಲೆ ಬಿದ್ದವರ ಮನೆಗೆ ಲೇಕ್ ಮಾರ್ಕೆಟ್‌ನಿಂದ ಇಡ್ಲಿ ಹಿಟ್ಟನ್ನು ತಾವೇ ಹೊತ್ತು ತಂದದ್ದು, ವರ್ಗವಾಗಿ ಬಂದ ಸಂಸಾರಗಳಿಗೆ ಬಾಡಿಗೆ ಮನೆ ಹುಡುಕಿಕೊಟ್ಟದ್ದು, ಇವನ್ನೆಲ್ಲ ಬೇರೆಯವರು ಬರೆಯುತ್ತಾರೆ. ನಾನು ವಂದನಾಳ ವಿಷಯ ಬರೆಯುತ್ತೇನೆ. ಬರೆಯಲು ಅವಳೇ ಒಪ್ಪಿಗೆ ಕೊಟ್ಟಿದ್ದಾಳೆ.

ವಂದನಾ ರೈಲ್ವೆ ಅಧಿಕಾರಿಯೊಬ್ಬರ ಹೆಂಡತಿ. ಅವಳ ಅತ್ತೆಗೆ ಮರೆವಿನ ಕಾಯಿಲೆಯಿತ್ತು. ಬಾಗಿಲು ತೆರೆದಿದ್ದರೆ ರಸ್ತೆಗೆ ಹೋಗಿಬಿಡುತ್ತಿದ್ದರು. ಒಂದು ಬೆಳಿಗ್ಗೆ ಇಬ್ಬರಿಗೂ ಮಾತಿಗೆ ಮಾತು ಬೆಳೆಯಿತು. ವಂದನಾ ಹೊರಗಿನಿಂದ ಬೀಗ ಹಾಕಿಕೊಂಡು ಮಾರ್ಕೆಟ್ಟಿಗೆ ಹೋದಳು, ಸಿಟ್ಟಿನಲ್ಲಿ ಬೇಕೆಂದೇ ತಡಮಾಡಿದಳು. ಹಿಂತಿರುಗಿದಾಗ ಮುದುಕಿ ಬಚ್ಚಲಿನಲ್ಲಿ ಬಿದ್ದು ಪ್ರಾಣ ಹೋಗಿತ್ತು. ಇದನ್ನು ಅವಳು ಅತ್ತು ಹೇಳಿಕೊಂಡಾಗ ಅಯ್ಯನವರು ‘ನಿನ್ನ ತಪ್ಪೇನಿಲ್ಲ’ ಎಂದು ಸುಮ್ಮನೆ ಬೆನ್ನು ತಟ್ಟಲಿಲ್ಲ. ತಪ್ಪು ಹೌದೆಂದರು, ಕ್ರಿಸ್ತನ ಹೆಸರಿನಲ್ಲಿ ಅದಕ್ಕೆ ಕ್ಷಮೆಯಾಗಿದೆ ಎಂದೂ ಹೇಳಿದರು.

ಮರುವರ್ಷ ಅವಳ ಮಗಳು ಅಕ್ಷರಾಗೆ ಫಿಟ್ಸ್ ಶುರುವಾಯಿತು. ಆಗ ನಮ್ಮ ಸಭೆಯ ಪವನ ಎಂಬ ತರುಣ, ಬೆಂಗಳೂರಿನಿಂದ ಐಟಿ ಕೆಲಸಕ್ಕೆ ಬಂದವನು, ನ್ಯೂ ಟೌನ್‌ನ ತನ್ನ ಫ್ಲ್ಯಾಟಿನಲ್ಲಿ ಶುಕ್ರವಾರದ ಪ್ರಾರ್ಥನಾ ಕೂಟ ನಡೆಸುತ್ತಿದ್ದ. ಪವನ ಕೆಟ್ಟವನಲ್ಲ, ಕೆಟ್ಟವನಾಗಿದ್ದರೆ ನನ್ನ ಕೆಲಸ ಸುಲಭವಿತ್ತು. ಮಗಳಿಗಾಗಿ ಪ್ರಾರ್ಥಿಸಿ ಎಂದು ಹೋದ ವಂದನಾ ಅಲ್ಲಿಯೂ ಬೀಗದ ವಿಷಯ ಹೇಳಿಬಿಟ್ಟಳು. ಮಗಳ ಕಾಯಿಲೆಗೆ ತಾಯಿಯ ಪಾಪವೇ ಕಾರಣ, ಬಿಡುಗಡೆಯಾಗುವವರೆಗೂ ಅದನ್ನು ಹೇಳುತ್ತಲೇ ಇರಬೇಕು ಎಂದು ಕೂಟದವರು ತೀರ್ಮಾನಿಸಿದರು. ಶುಕ್ರವಾರದ ಮೇಲೆ ಶುಕ್ರವಾರ ಅವಳನ್ನು ನಡುವೆ ನಿಲ್ಲಿಸಿ ಅದನ್ನೇ ಹೇಳಿಸಿದರು. ಮಗಳಿಗೆ ಮತ್ತೆ ಫಿಟ್ಸ್ ಬಂದಾಗಲೆಲ್ಲ, ನೀವು ಇನ್ನೂ ಪೂರ್ತಿ ಬಿಚ್ಚಿ ಹೇಳಿಲ್ಲ ಎಂದರು. ವಂದನಾ ಊಟ ಬಿಟ್ಟಳು, ಯಾರ ಮುಖವನ್ನೂ ನೋಡದಾದಳು.

ಒಂದು ಸಂಜೆ ಸರೋವರದ ದಂಡೆಯಲ್ಲಿ ನನ್ನ ಜೊತೆ ನಡೆಯುತ್ತಿದ್ದವಳು ತಟ್ಟನೆ ನಿಂತು, “ಪ್ರೇಮಕ್ಕಾ, ನಾನೇ ಇಲ್ದೇ ಹೋದ್ರೆ ಅಕ್ಷರಾಗೆ ವಾಸಿಯಾಗುತ್ತೆ ಅಲ್ವಾ?” ಎಂದಳು. ನೀರನ್ನೇ ನೋಡುತ್ತಿದ್ದಳು. ಅವಳ ರಟ್ಟೆ ಹಿಡಿದು ನೇರ ಅಯ್ಯನವರ ಮನೆಗೆ ಕರೆದೊಯ್ದೆ.

ಕುಳಿತೊಡನೆ ಅವಳು, ಅವತ್ತು ನಾನು ಬೀಗ ಹಾಕಿ, ಎಂದು ಮತ್ತೆ ಶುರುಮಾಡಿದಳು. ಅಯ್ಯನವರು ಕೈಯೆತ್ತಿ ತಡೆದರು. “ಒಮ್ಮೆ ಹೇಳೀಯಲ್ಲವಾ, ಸಾಕು. ಎರಡನೇ ಸಲ ಕೇಳಾಂವ ದೇವರಲ್ಲ.” ಅವಳನ್ನು ಒಬ್ಬಳನ್ನೇ ಬಿಡಬಾರದೆಂದು ಗಂಡನಿಗೆ ಆಗಲೇ ಫೋನ್ ಮಾಡಿ ಹೇಳಿದರು. ಮರುದಿನ ತಾಯಿ ಮಗಳಿಬ್ಬರನ್ನೂ ವೈದ್ಯರಲ್ಲಿಗೆ ತಾವೇ ಕರೆದೊಯ್ದರು. ನನಗೆ ಮಾತ್ರ ಧೈರ್ಯ ಬರಲಿಲ್ಲ. ವಂದನಾಳದು ಒಂದು ಮಾತಿನಿಂದ ಕರಗುವ ಭಯವಾಗಿರಲಿಲ್ಲ.

ಆ ಭಾನುವಾರ ಪ್ರಭುಭೋಜನವಿತ್ತು. ವಂದನಾ ಬಂದಳು, ಗಂಡನ ಕೈಹಿಡಿದು ವೃತ್ತದಲ್ಲಿ ನಿಂತಳು. ಅವಳ ಇನ್ನೊಂದು ಪಕ್ಕಕ್ಕೆ ಪವನ ಬಂದು ನಿಂತದ್ದನ್ನು ನಾನು ಗಮನಿಸುವಷ್ಟರಲ್ಲಿ ಬಟ್ಟಲು ಅವನ ಕೈ ಸೇರಿತ್ತು. ಅವನು ಕುಡಿದ, ಅಂಚು ಒರೆಸಿದ, ಅವಳ ಕಡೆ ತಿರುಗಿದ. ಕೊಡಲಿಲ್ಲ.

“ಇವ್ರಿಗೆ ಹೇಗೆ ಕೊಡ್ಲಿ ಅಯ್ಯನವರೇ? ಇವ್ರು ಇನ್ನೂ ಪೂರ್ತಿ ಒಪ್ಕೊಂಡಿಲ್ಲ. ಯೋಗ್ಯತೆ ಇಲ್ದೆ ಕುಡಿದ್ರೆ ಇವ್ರಿಗೇ ಶಿಕ್ಷೆ. ಇವ್ರ ಒಳ್ಳೇದಕ್ಕೇ ಹೇಳ್ತಿದೀನಿ.”

ವಂದನಾ ಗಂಡನ ಕೈ ಬಿಟ್ಟು ಬಾಗಿಲ ಕಡೆ ನೋಡಿದಳು. ಆ ಬಾಗಿಲು ದಾಟಿದರೆ ಅವಳು ಎಲ್ಲಿಗೆ ಹೋಗಬಹುದೆಂದು ನನಗೆ ಗೊತ್ತಿತ್ತು. ಬಟ್ಟಲನ್ನು ಕಿತ್ತುಕೊಳ್ಳಲು ನಾನು ಒಂದು ಹೆಜ್ಜೆ ಮುಂದಿಟ್ಟೂ ಆಗಿತ್ತು. ಅಯ್ಯನವರು ನನ್ನನ್ನು ಕಣ್ಣಿನಲ್ಲೇ ನಿಲ್ಲಿಸಿ, ಮೇಜು ಬಿಟ್ಟು ಬಂದು ಪವನನ ಎದುರು ನಿಂತರು. ಬಟ್ಟಲನ್ನು ಮುಟ್ಟಲಿಲ್ಲ.

“ಪವನ, ಈಕಿ ನನ್ನ ಮುಂದ ಒಪ್ಪಿಕೊಂಡಾಳ. ಕ್ಷಮಾ ಆಗೇದ ಅಂತ ದೇವರ ಹೆಸರಿಲೆ ನಾ ಹೇಳೀನಿ. ನೀ ಇನ್ನೂ ಕೇಳಾಕತ್ತೀ. ಯಾರ ಪರವಾಗಿ ಕೇಳಾಕತ್ತೀ?”

ದೇವರು ಕ್ಷಮಿಸಿದವರ ಮೇಲೆ ಹಗಲೂ ರಾತ್ರಿ ದೂರು ಹೇಳುವವನು ಸೈತಾನನು ಎಂಬುದು ನಮ್ಮ ಮಕ್ಕಳಿಗೂ ಗೊತ್ತಿರುವ ವಿಶ್ವಾಸ. ಅಯ್ಯನವರು ಆ ಹೆಸರು ಎತ್ತಲಿಲ್ಲ. ಪವನನ ಮುಖ ಬಿಳಿಚಿಕೊಂಡಿತು. ಅವನು ಕೊಡಲೂ ಇಲ್ಲ, ಹಿಂದೆಗೆಯಲೂ ಇಲ್ಲ, ಅಯ್ಯನವರೂ ಕದಲಲಿಲ್ಲ. ಆಗ ವಂದನಾ ಬಾಗಿಲಿನಿಂದ ಮುಖ ತಿರುಗಿಸಿ ಎರಡೂ ಕೈ ಚಾಚಿದಳು.

“ಕೊಡಪ್ಪಾ ಪವನ. ನಂಗೂ ಕ್ಷಮೆಯಿದೆ.”

ಅವನು ಹೇಳಬೇಕಾದ ಮಾತನ್ನು ಅವಳೇ ಹೇಳಿದಳು. ಅವನು ಬಟ್ಟಲು ಕೊಟ್ಟ.

ಮಂಡಳಿಯ ಸಭೆಯಲ್ಲಿ ನಾನು ಸುಮ್ಮನಿರಲಿಲ್ಲ. “ಅವನನ್ನು ಇಟ್ಟುಕೊಳ್ಳುವುದಾದರೆ ನಾನಿಲ್ಲ ಮಾರಾಯ್ರೆ” ಎಂದು ಮೇಜು ಕುಟ್ಟಿದೆ. “ಅಕ್ಕಾರ, ಒಬ್ಬಾಂವ ಈಗರ ದೂರು ಹೇಳೂದು ನಿಲ್ಲಿಸ್ಯಾನ. ನೀವು ಚಾಲೂ ಮಾಡಬ್ಯಾಡ್ರಿ” ಎಂದರು ಅಯ್ಯನವರು. ನನಗೆ ಮೈಯೆಲ್ಲ ಉರಿಯಿತು. ಆದರೂ ರಾಜೀನಾಮೆ ಕೊಡಲಿಲ್ಲ. ಪವನ ಶುಕ್ರವಾರದ ಕೂಟವನ್ನು ನಿಲ್ಲಿಸಿ ಅಯ್ಯನವರ ಬಳಿ ವೇದಪಾಠಕ್ಕೆ ಬರತೊಡಗಿದ.

ಅಯ್ಯನವರು ಧಾರವಾಡಕ್ಕೆ ಮರಳಿ ಅಲ್ಲಿಯ ಆಸ್ಪತ್ರೆಗಳಲ್ಲಿ ರೋಗಿಗಳ ಭೇಟಿ ಮುಂದುವರಿಸುತ್ತಾರಂತೆ. ಆ ಕೆಲಸಕ್ಕೆ ಬೇಕಾದಷ್ಟು ವರ್ಷಗಳನ್ನೂ, ಮೆಟ್ಟಿಲು ಹತ್ತಲು ಗಟ್ಟಿ ಮೊಣಕಾಲುಗಳನ್ನೂ, ನನ್ನಷ್ಟೇ ಜಗಳಗಂಟಿಯಾದ ಒಬ್ಬ ಸಹೋದ್ಯೋಗಿಯನ್ನೂ ದೇವರು ಅವರಿಗೆ ಕರುಣಿಸಲಿ. ಹೊರಡುವ ಮುನ್ನ ಒಂದು ವಿಷಯ ಅವರಿಗೆ ತಿಳಿದಿರಬೇಕು. ಅದು ನಡೆದಾಗ ಅವರು ಒಳಗಿದ್ದರು, ನೋಡಲಿಲ್ಲ.

ಅಕ್ಷರಾಳ ಕಾಯಿಲೆ ಹತೋಟಿಯಲ್ಲಿದೆ, ಪೂರ್ತಿ ಹೋಗಿಲ್ಲ. ಕಳೆದ ತಿಂಗಳು ಆರಾಧನೆ ಮುಗಿದು ಅಂಗಳದಲ್ಲಿ ನಿಂತಿದ್ದಾಗ ಅವಳಿಗೆ ಮತ್ತೆ ಫಿಟ್ಸ್ ಬಂತು. ವಂದನಾ ನೆಲಕ್ಕೆ ಕುಳಿತು ಅವಳನ್ನು ಮಗ್ಗುಲಿಗೆ ಹೊರಳಿಸಿದಳು. ಪವನ ತನ್ನ ಜಾಕೆಟ್ ಮಡಚಿ ತಲೆಯಡಿ ಇಟ್ಟ. ನಾನು ಹುಡುಗಿಯನ್ನಲ್ಲ, ತಾಯಿಯನ್ನೇ ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಹುಡುಗಿ ಎದ್ದು ಕುಳಿತಳು.

“ನಿನ್ನೆ ಮಾತ್ರೆ ತಗೊಂಡಿಲ್ಲ ಅಲ್ವಾ ನೀನು?”

“ಸಾರಿ ಮಮ್ಮಾ, ಭೂಲ್ ಗಯೀ.”

“ಮರೆತುಹೋಯ್ತಂತೆ. ಮನೆಗೆ ನಡಿ, ಆಮೇಲೆ ನೋಡ್ಕೋತೀನಿ.”

ಅಯ್ಯನವರೇ, ಮೊದಲೆಲ್ಲ ಇಂಥ ಹೊತ್ತಿನಲ್ಲಿ ಅವಳು ತನ್ನನ್ನೇ ಶಪಿಸಿಕೊಳ್ಳುತ್ತಿದ್ದಳು. ಅಂದು ಮಗಳನ್ನು ಬೈದಳು.