ನೀರು ನಿಂತ ಎರಡು ತಿಂಗಳು

ಎದೆಯ ಕ್ಯಾನ್ಸರಿಗೆ ಆಪರೇಷನ್ ಆದ ಮೇಲೆ, ಅದು ಮರಳಿ ಬಾರದಿರಲೆಂದು ಡಾಕ್ಟರು ಅಕ್ಕನಿಗೆ ದಿನಕ್ಕೊಂದು ಹಾರ್ಮೋನ್ ಮಾತ್ರೆ ಬರೆದುಕೊಟ್ಟರು. ಐದು ವರ್ಷ ತಪ್ಪದೆ ನುಂಗಬೇಕು, ಅಲ್ಲಿಯವರೆಗೆ ಬಸುರಾಗಬಾರದು. ಅವಳಿಗಾಗ ಮೂವತ್ತೆರಡು, ಮಕ್ಕಳಿರಲಿಲ್ಲ. ಪಿರಿಯಾಪಟ್ಟಣದ ಹತ್ತಿರ ಹೊಗೆಸೊಪ್ಪು ಬೆಳೆಯುವ ಮನೆಗೆ ಅವಳನ್ನು ಕೊಟ್ಟಿತ್ತು. ಗಡ್ಡೆ ತೆಗೆಸಿದ್ದು ಅವಳ ಅತ್ತೆಗೆ ಗೊತ್ತಿತ್ತು. ಮಾತ್ರೆಯನ್ನು ಮಾತ್ರ ಭಾವ ‘ಶಕ್ತಿಗೆ’ ಎಂದು ಹೇಳಿಬಿಟ್ಟಿದ್ದರು.

ಎರಡನೇ ವರ್ಷದ ಕೊನೆಗೆ ಅಕ್ಕನಿಗೆ ಮುಟ್ಟು ತಪ್ಪಿತು. ಮರುತಿಂಗಳೂ ಆಗಲಿಲ್ಲ. ನಮ್ಮ ಕಡೆ ಇದಕ್ಕೆ ‘ನೀರು ನಿಂತಿದೆ’ ಎನ್ನುತ್ತಾರೆ. ಬಸುರಿ ಎಂಬುದು ಬಿಟ್ಟರೆ ಆ ಮಾತಿಗೆ ಬೇರೆ ಅರ್ಥವಿಲ್ಲ.

ನಾನು ಹೋದಾಗ ಅತ್ತೆ ಬಾಗಿಲಲ್ಲೇ ಹಿಡಿದರು. “ನಿಮ್ಮಕ್ಕಂಗೆ ನೀರು ನಿಂತದೆ ಕಣವ್ವ. ಓದ್ದೋಳು ನೀನು, ಮೈಸೂರ್ಗೆ ಕರ್ಕೊಂಡೋಗಿ ತೋರ್ಸು. ಬಸ್ನಲ್ಲಿ ಇಂದ್ಗಡೆ ಸೀಟಲ್ಲಿ ಕೂರುಸ್ಬ್ಯಾಡ, ಕುಲುಕ್ತದೆ.”

ಬಸ್ಸು ಹುಣಸೂರು ದಾಟಿತು. ಬಿಳಿಕೆರೆಯ ಹತ್ತಿರ ಅಕ್ಕ, “ಮಾತ್ರೆ ನುಂಗ್ತಿದ್ರೂ ಕೆಲವ್ರಿಗೆ ಆಯ್ತದಂತೆ, ಅಲ್ವೇನೆ?” ಎಂದಳು. ಆ ಮಾತ್ರೆಯಿಂದಲೇ ಮುಟ್ಟು ನಿಲ್ಲುವುದುಂಟೆಂದು ನಾನು ಓದಿದ್ದೆ. ಆದರೂ “ಆಗಬಹುದು” ಎಂದೆ. ಎಂದೆನೆ? ಆ ದಿನದ ಡೈರಿಯಲ್ಲಿ ‘ಅಕ್ಕನ ಜೊತೆ ಮೈಸೂರಿಗೆ. ಬಿಸಿಲು’ ಎಂದಷ್ಟೇ ಇದೆ. ಸುಮ್ಮನೆ ಕಿಟಕಿಯ ಕಡೆ ತಿರುಗಿದ್ದೆನೇನೋ. ಯಾವುದಾದರೂ ಸರಿ, ಅವಳ ಆಸೆಯನ್ನು ನಾನು ತಡೆಯಲಿಲ್ಲ.

ಪರೀಕ್ಷೆಯಲ್ಲಿ ಏನೂ ಇರಲಿಲ್ಲ. ಮಾತ್ರೆಯಿಂದ ಹೀಗಾಗುತ್ತದೆ ಎಂದರು ಡಾಕ್ಟರಮ್ಮ.

“ಒಂದ್ ವರ್ಸ ನಿಲ್ಸಿ, ಮಗು ಆದ್ಮೇಲೆ ತಗೊಂಡ್ರೆ?” ಎಂದು ಕೇಳಿದಳು ಅಕ್ಕ.

“ಈಗ ಬೇಡಮ್ಮ. ಮೊದಲು ನೀವು ಉಳೀಬೇಕು.”

ಮನೆಗೆ ಬಂದಾಗ ಅತ್ತೆ, “ಎಷ್ಟು ತಿಂಗ್ಳಂದ್ರು?” ಎಂದರು.

“ಇನ್ನೂ ಮೂರು ವರ್ಸ ಕಣತ್ತೆ,” ಎಂದು ಅಕ್ಕ ಅಲ್ಲೇ ಕೂತು ಮಾತ್ರೆಯ ವಿಷಯವೆಲ್ಲ ಹೇಳಿದಳು. ಅತ್ತೆ ಚೆಂಬಿನಲ್ಲಿ ನೀರು ತಂದು ಅವಳ ಮುಂದಿಟ್ಟರು. ಆಮೇಲೆ, “ನುಂಗು ಬುಡು ಮಗಾ. ಮೊದ್ಲೇ ಯೋಳಿದ್ರೆ ನಾನೇನು ಸಾಯ್ತಿದ್ನಾ?” ಎಂದರು.

ಅಕ್ಕ ಐದು ವರ್ಷವೂ ನುಂಗಿದಳು. ಆಮೇಲೂ ಮಗುವಾಗಲಿಲ್ಲ. ಆರೋಗ್ಯವಾಗಿದ್ದಾಳೆ. ಒಮ್ಮೆ, ಯಾವ ಮಾತಿಗೂ ಸಂಬಂಧವಿಲ್ಲದೆ, ಒಣಗಿಸಲು ಹಸಿ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತಾ, “ಆ ಎರಡು ತಿಂಗ್ಳು ಚೆನ್ನಾಗಿತ್ತು ಕಣೆ,” ಎಂದಳು.