ಶ್ರೀಕಂಠ ಅಂಕಲ್ ಕೈತಪ್ಪಿದರು

ಫ್ರೆಂಡ್ಸ್, ಇಂದು ಅಮೆರಿಕದ ಕೇಟಿ ಊರಿನಲ್ಲಿ ನನ್ನ ಪೇಷಂಟ್ ಒಬ್ಬರು ಕೈತಪ್ಪಿದರು. ಗಾಬರಿಯಾಗಬೇಡಿ, ಬದುಕಿಕೊಂಡರು!

ಒಂಬತ್ತು ವರ್ಷ ಕೊಲೆಸ್ಟ್ರಾಲ್ ಮಾತ್ರೆ ಮಾರಿದವಳು ನಾನು. ಈಗ ಹಾಸ್ಪಿಸ್, ಅಂದರೆ ಕೊನೆಗಾಲದ ಆರೈಕೆ ಮಾಡುವ ಕಂಪನಿಗೆ ಪೇಷಂಟ್‌ಗಳನ್ನು ಸೇರಿಸುವ ಕೆಲಸ. ನಾನು ಸೇರಿಸಿದ ಮೊದಲ ಪೇಷಂಟೇ ಮೈಸೂರಿನ ಶ್ರೀಕಂಠ ಅಂಕಲ್. ಅಂದೇ ನರ್ಸ್, "ಇನ್ನು ಪಥ್ಯ ಬೇಡ, ಕೊಲೆಸ್ಟ್ರಾಲ್ ಮಾತ್ರೆಯೂ ಬೇಡ" ಎಂದಿದ್ದಳು.

ಇಂದು ಹೋದರೆ ಅಂಕಲ್ ತಾವೇ ಎದ್ದು ಬಂದು ಬಾಗಿಲು ತೆರೆದರು. ಕೆನ್ನೆ ತುಂಬಿಕೊಂಡಿತ್ತು. ಚೇತರಿಸಿಕೊಂಡಿದ್ದಾರೆಂದು ಡಾಕ್ಟರ್ ಹಾಸ್ಪಿಸ್‌ನಿಂದ ಹೆಸರು ತೆಗೆದುಬಿಟ್ಟಿದ್ದಾರೆ!

"ನೋಡಮ್ಮಾ, ನೀನು ಮಾರ್ತಿದ್ದ ಮಾತ್ರೆ ಬಿಟ್ಟೆ. ದಿನಾ ತುಪ್ಪ ಸುರ್ಕೊಂಡು ಒಬ್ಬಟ್ಟು ತಿಂದೆ. ಎದ್ದು ಕೂತೆ!"

ನನ್ನ ಎರಡೂ ಕೆಲಸಕ್ಕೆ ಒಂದೇ ಉಸಿರಿನಲ್ಲಿ ಮಂಗಳಾರತಿ.

ಆಂಟಿ ಕುಂಕುಮದ ಜೊತೆ ಒಂದು ಡಬ್ಬಿ ಒಬ್ಬಟ್ಟನ್ನೂ ಕೊಟ್ಟು, "ಇನ್ಮೇಲೆ ಊಟಕ್ಕೆ ಬಾಮ್ಮ. ಆ ಹಾಸ್ಪಿಸ್ ಬ್ಯಾಗ್ ಮಾತ್ರ ಕಾರಲ್ಲೇ ಇರ್ಲಿ" ಎಂದರು.

ಪೇಷಂಟ್ ಬಿಟ್ಟುಹೋದರೆ ನಾವು ಫಾರ್ಮ್‌ನಲ್ಲಿ ಕಾರಣ ಬರೆಯಬೇಕು. ಕಾರಿನಲ್ಲೇ ಕೂತು "ಒಬ್ಬಟ್ಟು" ಎಂದು ಬರೆದು ಕಳಿಸಿದೆ. ಡಲ್ಲಾಸ್‌ನಿಂದ ಅಮೆರಿಕನ್ ಬಾಸ್ ತಕ್ಷಣ ಫೋನ್ ಮಾಡಿದ: "ಯಾವುದದು, ಹೊಸ ಹಾಸ್ಪಿಸ್ ಕಂಪನಿಯಾ? ನಮಗಿಂತ ಚೆನ್ನಾಗಿದೆಯಾ?"

ಬಾಯಿ ತುಂಬ ಒಬ್ಬಟ್ಟಿತ್ತು. "ಹ್ಞೂಂ" ಎಂದೆ.